ಲಿಮಾದಿಂದ ಬ್ಯೂನಸ್ ಐರಿಸ್‌ವರೆಗೆ ಬಸ್ಸಿನಲ್ಲೇ ಹೋಗಬಹುದೇ?

ಪ್ರಶ್ನೆ: ನಾನು ಮತ್ತು ನನ್ನ ತಂದೆ ದಕ್ಷಿಣ ಅಮೆರಿಕಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ತಂದೆಗೆ 63 ವರ್ಷ, ಬಿಪಿಗೆ ದಿನಾ ಒಂದು ಮಾತ್ರೆ ತಗೊಳ್ತಾರೆ, ಬೇರೆ ತೊಂದರೆ ಇಲ್ಲ. ಪೆರುವಿನ ಲಿಮಾದಲ್ಲಿ ವಿಮಾನ ಇಳಿದು, ಕುಸ್ಕೊ, ಬೊಲಿವಿಯಾದ ಲಾ ಪಾಸ್, ಉಯುನಿಯ ಉಪ್ಪಿನ ಬಯಲು ನೋಡಿಕೊಂಡು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ವರೆಗೆ ಬಸ್ಸಿನಲ್ಲೇ ಹೋಗುವ ಆಸೆ. 24 ದಿನ ಇದೆ. ಹೋಟೆಲ್ ಖರ್ಚು ಉಳಿಯಲಿ ಅಂತ ಆದಷ್ಟು ರಾತ್ರಿ ಬಸ್ಸುಗಳನ್ನೇ ನೋಡಿದ್ದೇನೆ. ಲಿಮಾದಿಂದ ನೇರವಾಗಿ ಕುಸ್ಕೊಗೆ 22 ಗಂಟೆಯ ಬಸ್ಸು ಇದೆ. ಅದನ್ನೇ ಬುಕ್ ಮಾಡಲೇ? ಲಗೇಜು, ಕಳ್ಳತನ, ಗಡಿ ದಾಟುವ ಬಗ್ಗೆಯೂ ಹೇಳಿ. ಫೆಬ್ರವರಿ ಅಥವಾ ಸೆಪ್ಟೆಂಬರ್, ಯಾವುದಾದರೂ ನಮಗೆ ಸರಿ. ಸ್ಪ್ಯಾನಿಷ್ ಬರುವುದಿಲ್ಲ.

ಉತ್ತರ: ಖಂಡಿತ ಹೋಗಬಹುದು. ನಿಮ್ಮ ತಂದೆಯನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಿ. ಈ ದಾರಿ ಒಟ್ಟು ಸುಮಾರು 5,000 ಕಿಲೋಮೀಟರ್ ಆಗುತ್ತದೆ. ಆ ಮೂರೂ ದೇಶಗಳಲ್ಲಿ ಜನ ದೂರದ ಊರಿಗೆ ಹೋಗುವುದು ಹೆಚ್ಚಾಗಿ ಬಸ್ಸಿನಲ್ಲೇ. ಹಾಗಾಗಿ ಬಸ್ಸಿಗೇನೂ ಬರ ಇಲ್ಲ. ಆದರೆ ಲಿಮಾದಿಂದ ಕುಸ್ಕೊಗೆ ನೇರ ಹೋಗುವ ಆ 22 ಗಂಟೆಯ ಬಸ್ಸನ್ನು ದಯವಿಟ್ಟು ಬುಕ್ ಮಾಡಬೇಡಿ.

ಕಾರಣ ಹೇಳುತ್ತೇನೆ. ಬಸ್ ಪ್ರಯಾಣ ಅಂದ ಕೂಡಲೇ ನಾವು ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಲೆಕ್ಕ ಹಾಕುತ್ತೇವೆ. ಆಂಡೀಸ್ ಪರ್ವತದಲ್ಲಿ ಆ ಲೆಕ್ಕ ಸಾಲುವುದಿಲ್ಲ. ಈ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಅನ್ನುವುದನ್ನು ಮೊದಲು ನೋಡಬೇಕು. ಲಿಮಾ ಸಮುದ್ರದ ಪಕ್ಕದ ಊರು. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗ ಮಾತ್ರ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಇನ್ನು ಬಸ್ಸು ಕುಸ್ಕೊಗೆ ಹೋಗುವ ಮೊದಲೇ ಅದಕ್ಕಿಂತ ಮೇಲಕ್ಕೆ ಹತ್ತುತ್ತದೆ. ನಾಸ್ಕಾ ಊರು ದಾಟಿದ ಮೇಲೆ ದಾರಿ ಬೆಟ್ಟಕ್ಕೆ ತಿರುಗಿ, ಕೆಲವೇ ಗಂಟೆಗಳಲ್ಲಿ 4,000 ಮೀಟರ್ ದಾಟಿಬಿಡುತ್ತದೆ.

ನಾನು ಮೊದಲ ಸಲ ಹೋದಾಗ ಇದೇ ತಪ್ಪು ಮಾಡಿದ್ದೆ. ಸಂಜೆ ಲಿಮಾದಲ್ಲಿ ಹತ್ತಿ, ಊಟ ಮಾಡಿ ಮಲಗಿದ್ದೆ. ನಡುರಾತ್ರಿ ತಲೆ ಸಿಡಿಯುವ ಹಾಗಾಗಿ ಎಚ್ಚರವಾಯಿತು. ಎದುರಿನ ಸೀಟಿನ ಜೇಬಿನಲ್ಲಿ ಇಟ್ಟಿದ್ದ ಚಿಪ್ಸ್ ಪ್ಯಾಕೆಟ್ ಚೆಂಡಿನ ಹಾಗೆ ಉಬ್ಬಿಕೊಂಡಿತ್ತು. ನೀರಿನ ಬಾಟಲಿ ಮುಚ್ಚಳ ತಿರುಗಿಸಿದರೆ ಸುಯ್ ಅಂತ ಗಾಳಿ ಹೊರಗೆ ಬಂತು. ಹೊರಗಿನ ಗಾಳಿ ಎಷ್ಟು ತೆಳುವಾಗಿದೆ ಅಂತ ಆ ಪ್ಯಾಕೆಟ್ ನೋಡಿಯೇ ಗೊತ್ತಾಯಿತು. ಪಕ್ಕದ ಸಾಲಿನಲ್ಲಿ ಒಬ್ಬರು ವಯಸ್ಸಾದವರು ಕವರ್ ಹಿಡಿದು ವಾಂತಿ ಮಾಡುತ್ತಿದ್ದರು. ಒಂದಾದ ಮೇಲೊಂದು ತಿರುವು ಬೇರೆ. ಅಲ್ಲಿ ಇಳಿಯೋಣ ಅಂದರೆ ಊರಿಲ್ಲ, ಹಿಂದಕ್ಕೆ ಹೋಗೋಣ ಅಂದರೆ ದಾರಿಯಿಲ್ಲ. ಬೆಳಗಾಗುವವರೆಗೆ ಹಾಗೇ ಕೂತಿದ್ದೆ. ನನಗೆ ಆಗ ವಯಸ್ಸು ಕಡಿಮೆ, ತಡೆದುಕೊಂಡೆ. ನಿಮ್ಮ ತಂದೆಗೆ ಅಂಥ ರಾತ್ರಿ ಬೇಡ. ನಿಮಗೂ ಬೇಡ. ಎತ್ತರದ ಕಾಯಿಲೆ ವಯಸ್ಸು ನೋಡಿ ಬರುವುದಿಲ್ಲ. ಗಟ್ಟಿಮುಟ್ಟಾಗಿ ಇರುವ ಯುವಕರಿಗೂ ಬರುತ್ತದೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪ್ರವಾಸಿಗರಿಗೆ ಕೊಡುವ ಸಲಹೆ ಸರಳವಾಗಿದೆ. ತಗ್ಗಿನ ಊರಿನಿಂದ ಹೊರಟ ದಿನವೇ 2,750 ಮೀಟರಿಗಿಂತ ಮೇಲೆ ಹೋಗಿ ಮಲಗಬೇಡಿ. ಆ ಎತ್ತರ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ಪ್ರತಿ 1,000 ಮೀಟರಿಗೆ ಒಂದು ದಿನ ಹೆಚ್ಚಿಗೆ ನಿಲ್ಲಿ. ಬಸ್ಸಿನ ದಾರಿಯಲ್ಲಿ ಇದನ್ನು ಅಳತೆ ಹಿಡಿದು ಪಾಲಿಸುವುದು ಕಷ್ಟ. ಆದರೂ ಹತ್ತಿರ ಹತ್ತಿರ ಬರುವ ದಾರಿ ಒಂದಿದೆ. ಅದು ಪೆರುವಿನದೇ ಅರೆಕಿಪಾ ಊರಿನ ಮೂಲಕ ಹೋಗುವ ದಾರಿ.

ಲಿಮಾದಿಂದ ದಕ್ಷಿಣಕ್ಕೆ ಸಮುದ್ರದ ಪಕ್ಕದಲ್ಲೇ ಪ್ಯಾನ್ ಅಮೆರಿಕನ್ ಹೆದ್ದಾರಿ ಹೋಗುತ್ತದೆ. ಅರೆಕಿಪಾಗೆ ಸುಮಾರು 1,000 ಕಿಲೋಮೀಟರ್, 16 ಗಂಟೆ ಆಸುಪಾಸು. ಒಂದೇ ಏಟಿಗೆ ಹೋಗಬೇಡಿ. ಇಕಾ ಅಥವಾ ನಾಸ್ಕಾದಲ್ಲಿ ಒಂದು ರಾತ್ರಿ ನಿಲ್ಲಿ. ಮರಳುಗಾಡು ನೋಡಿದ ಹಾಗೂ ಆಗುತ್ತದೆ, ಬೆನ್ನಿಗೂ ವಿಶ್ರಾಂತಿ. ಮರುದಿನ ಹಗಲಿನಲ್ಲೇ ಮುಂದೆ ಹೋಗಿ. ನಾಸ್ಕಾ ಆದ ಮೇಲೆ ಚಾಲಾ, ಓಕೊನ್ಯಾ ಕಡೆಗೆ ಹೋಗುವಾಗ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಪೆಸಿಫಿಕ್ ಸಾಗರ. ಅಲ್ಲಿ ದೊಡ್ಡ ಅಪಘಾತಗಳು ಆಗಿವೆ. ಹಗಲಲ್ಲಿ ಹೋದರೆ ಡ್ರೈವರಿಗೂ ದಾರಿ ಕಾಣುತ್ತದೆ, ನಿಮಗೂ ಸಾಗರ ಕಾಣುತ್ತದೆ.

ಅರೆಕಿಪಾ ಇರುವುದು 2,335 ಮೀಟರ್ ಎತ್ತರದಲ್ಲಿ. ಅಲ್ಲಿ ಮೂರು ರಾತ್ರಿ ಇರಿ. ಬಿಳಿ ಕಲ್ಲಿನ ಚಂದದ ಊರು, ಬೇಜಾರಾಗುವುದಿಲ್ಲ. ದೇಹ ನಿಧಾನವಾಗಿ ಒಗ್ಗಿಕೊಳ್ಳಲಿ. ಆಮೇಲೆ ಕುಸ್ಕೊ ಬಸ್ಸು ಹಿಡಿಯಿರಿ. ಅದು ಸುಮಾರು ಹತ್ತು ಗಂಟೆಯ ದಾರಿ. ನಡುವೆ 4,000 ಮೀಟರ್ ದಾಟುತ್ತದೆ. ಹಗಲಿನ ಬಸ್ಸು ಸಿಕ್ಕರೆ ಒಳ್ಳೆಯದು. ಹೆಚ್ಚಿನವು ರಾತ್ರಿಯವೇ. ರಾತ್ರಿಯದಾದರೂ ಪರವಾಗಿಲ್ಲ, ಮೂರು ದಿನ ಅರೆಕಿಪಾದಲ್ಲಿ ಇದ್ದವರಿಗೆ ಅದು ಲಿಮಾದಿಂದ ಬಂದವರಿಗೆ ಆಗುವಷ್ಟು ಕಷ್ಟ ಆಗುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕುಸ್ಕೊಗೆ ಬಂದ ದಿನ ಕುಸ್ಕೊದಲ್ಲಿ ಮಲಗಬೇಕು ಅಂತೇನೂ ಇಲ್ಲ. ಅಲ್ಲಿಂದ ಎರಡು ಗಂಟೆ ದೂರದಲ್ಲಿ ಒಯಾಂತಾಯ್‌ತಾಂಬೊ ಇದೆ. ಅದರ ಎತ್ತರ ಸುಮಾರು 2,800 ಮೀಟರ್. ನೇರ ಅಲ್ಲಿಗೆ ಇಳಿದುಬಿಡಿ. ಮಾಚು ಪಿಚುಗೆ ರೈಲು ಹೊರಡುವುದೂ ಅಲ್ಲಿಂದಲೇ. ಮಾಚು ಪಿಚು ಇನ್ನೂ ತಗ್ಗು, 2,430 ಮೀಟರ್. ಮೊದಲು ಅದನ್ನು ನೋಡಿಕೊಂಡು, ಆಮೇಲೆ ಕುಸ್ಕೊಗೆ ವಾಪಸ್ ಬಂದು ಎರಡು ದಿನ ಇದ್ದರೆ ನಿಮ್ಮ ತಂದೆ ಅಲ್ಲಿನ ಮೆಟ್ಟಿಲುಗಳನ್ನು ಆರಾಮಾಗಿ ಹತ್ತುತ್ತಾರೆ.

ಮಾತ್ರೆಯ ಬಗ್ಗೆ ಒಂದು ಮಾತು. ಎತ್ತರದ ಕಾಯಿಲೆಗೆ ಅಸಿಟಾಜೋಲಮೈಡ್ ಅನ್ನುವ ಮಾತ್ರೆ ಇದೆ. ಕಾಯಿಲೆ ಬಾರದಂತೆ ಮೊದಲೇ ತಗೊಳ್ಳಬಹುದು. ಆದರೆ ಬಿಪಿ ಮಾತ್ರೆ ಜೊತೆ ಅದು ಆಗುತ್ತದೋ ಇಲ್ಲವೋ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೊರಡುವ ಒಂದು ತಿಂಗಳ ಮುಂಚೆಯೇ ಹೋಗಿ ಕೇಳಿ. ಎತ್ತರದಲ್ಲಿ ಬಿಪಿ ಸ್ವಲ್ಪ ಏರುವುದುಂಟು, ಆದ್ದರಿಂದ ದಿನದ ಮಾತ್ರೆ ಒಂದೂ ತಪ್ಪಬಾರದು. ಈ ಅಸಿಟಾಜೋಲಮೈಡ್ ತಗೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಬಸ್ಸಿನಲ್ಲಿ ಕೂತವರಿಗೆ ಇದು ಸಣ್ಣ ವಿಷಯ ಅಲ್ಲ. ಬೊಲಿವಿಯಾದ ಬಸ್ಸುಗಳಲ್ಲಿ ಎಷ್ಟೋ ಸಲ ಶೌಚಾಲಯ ಇರುವುದಿಲ್ಲ, ಇದ್ದರೂ ಬೀಗ ಹಾಕಿರುತ್ತಾರೆ. ಹಾಗಂತ ನೀರು ಕುಡಿಯುವುದನ್ನು ಬಿಡಬೇಡಿ. ಹೊರಡುವ ಮೊದಲು ಒಮ್ಮೆ ಹೋಗಿ ಬನ್ನಿ, ಬಸ್ಸು ನಿಂತ ಕಡೆಯೆಲ್ಲ ಇಳಿಯಿರಿ. ನಿಲ್ದಾಣದ ಶೌಚಾಲಯಕ್ಕೆ ಚಿಲ್ಲರೆ ಕೊಡಬೇಕು, ಜೇಬಿನಲ್ಲಿ ನಾಣ್ಯ ಇರಲಿ.

ಅಲ್ಲಿಯ ಜನ ಎತ್ತರದ ಕಾಯಿಲೆಗೆ ಸೊರೊಚೆ ಅನ್ನುತ್ತಾರೆ. ಸ್ವಲ್ಪ ತಲೆನೋವು, ಹಸಿವಿಲ್ಲ, ನಿದ್ದೆ ಬರಲಿಲ್ಲ, ಇಷ್ಟಾದರೆ ಗಾಬರಿ ಬೇಡ. ಆ ದಿನ ಮುಂದಕ್ಕೆ ಹತ್ತದೆ ಅಲ್ಲೇ ಇದ್ದು ಸುಧಾರಿಸಿಕೊಳ್ಳಿ. ಆದರೆ ಸುಮ್ನೆ ಕೂತಾಗಲೂ ಏದುಸಿರು, ನಡೆದರೆ ಕಾಲು ತೊಡರುವುದು, ಮಾತು ಗೊಂದಲ ಆಗುವುದು ಕಂಡರೆ ಒಂದು ಕ್ಷಣವೂ ಕಾಯಬೇಡಿ. ತಗ್ಗಿನ ಕಡೆ ಇಳಿಯಲೇಬೇಕು, ಆಸ್ಪತ್ರೆಗೆ ಹೋಗಲೇಬೇಕು. ಕೋಕಾ ಎಲೆಯ ಚಹಾ ಎಲ್ಲ ಕಡೆ ಕೊಡುತ್ತಾರೆ. ಪೆರು, ಬೊಲಿವಿಯಾಗಳಲ್ಲಿ ಅದು ಕಾನೂನಿಗೆ ಒಪ್ಪಿತ. ಕುಡಿದರೆ ಹಿತ ಅನಿಸುತ್ತದೆ. ಅದನ್ನೇ ಔಷಧಿ ಅಂತ ನಂಬಿ ಕೂರಬೇಡಿ, ಎಲೆಯನ್ನು ನೆನಪಿಗೆ ಅಂತ ಮನೆಗೂ ತರಬೇಡಿ. ಬೇರೆ ಎಷ್ಟೋ ದೇಶಗಳಲ್ಲಿ ಅದು ಅಪರಾಧ.

ಈಗ ರಾತ್ರಿ ಬಸ್ಸಿನ ವಿಷಯ. ಹೋಟೆಲ್ ದುಡ್ಡು ಉಳಿಯುತ್ತದೆ ಅನ್ನುವುದು ನಿಜ. ಆದರೆ ಬೆಟ್ಟದ ದಾರಿಯಲ್ಲಿ ಅರೆನಿದ್ದೆ ಮಾಡಿ ಬೆಳಗ್ಗೆ ಐದಕ್ಕೆ ಚಳಿಯಲ್ಲಿ ಇಳಿದರೆ ಆ ದಿನವೇ ಹಾಳು. ನಿಮ್ಮ ಈ ಇಡೀ ದಾರಿಯಲ್ಲಿ ನಾನಾದರೆ ಮೂರೇ ರಾತ್ರಿ ಬಸ್ಸಿನಲ್ಲಿ ಕಳೆಯುತ್ತೇನೆ. ಅರೆಕಿಪಾದಿಂದ ಕುಸ್ಕೊ, ಲಾ ಪಾಸ್‌ನಿಂದ ಉಯುನಿ, ಕೊನೆಗೆ ಅರ್ಜೆಂಟೀನಾದ ಸಾಲ್ಟಾದಿಂದ ಬ್ಯೂನಸ್ ಐರಿಸ್. ಉಳಿದದ್ದೆಲ್ಲ ಹಗಲಿನಲ್ಲೇ. ಕುಸ್ಕೊದಿಂದ ಟಿಟಿಕಾಕಾ ಸರೋವರದ ದಂಡೆಯ ಪುನೊಗೆ ಹೋಗುವ ದಾರಿಯನ್ನಂತೂ ನಿದ್ದೆಯಲ್ಲಿ ಕಳೆಯಲೇಬಾರದು. ಲಾ ರಾಯಾ ಅನ್ನುವ 4,335 ಮೀಟರ್ ಎತ್ತರದ ಕಣಿವೆದಾರಿ ದಾಟುವಾಗ ಹಿಮದ ಬೆಟ್ಟ ಕಿಟಕಿಗೇ ಬಂದು ನಿಂತಂತೆ ಕಾಣುತ್ತದೆ. ದಾರಿಯ ಹಳೆ ಚರ್ಚು, ಇಂಕಾ ಕಾಲದ ರಾಕ್ಚಿ ಗುಡಿ ತೋರಿಸಿಕೊಂಡು ಹೋಗುವ ಹಗಲಿನ ಪ್ರವಾಸಿ ಬಸ್ಸುಗಳೂ ಇವೆ. ನಾಲ್ಕು ಕಾಸು ಜಾಸ್ತಿ ಆದರೂ ಅದರಲ್ಲೇ ಹೋಗಿ.

ಟಿಕೆಟ್ ತಗೊಳ್ಳುವಾಗ ದರ ನೋಡುವ ಮೊದಲು ಒಂದು ಪ್ರಶ್ನೆ ಕೇಳಿ: ಡ್ರೈವರ್ ಎಷ್ಟು ಜನ? ದೂರದ ಬಸ್ಸಿಗೆ ಇಬ್ಬರು ಇರಲೇಬೇಕು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಿರಬೇಕು. ಸೀಟ್ ಬೆಲ್ಟ್ ಇದ್ದರೆ ಮಲಗುವಾಗಲೂ ಕಟ್ಟಿಕೊಳ್ಳಿ, ಹೊದಿಕೆಯ ಒಳಗಿಂದ ಕಟ್ಟಿದರೆ ಚುಚ್ಚುವುದಿಲ್ಲ. ಹತ್ತುವಾಗ ಡ್ರೈವರ್ ಬಾಯಿಂದ ಮದ್ಯದ ವಾಸನೆ ಬಂದರೆ ನಾಚಿಕೆ ಪಡದೆ ಇಳಿದುಬಿಡಿ. ಹೋದ ದುಡ್ಡು ಹೋಗಲಿ.

ಸೀಟುಗಳಿಗೆ ಅಲ್ಲಿ ಬೇರೆ ಹೆಸರು. ಕಾಮಾ ಅಂದರೆ ಹಾಸಿಗೆ. ಸೆಮಿ ಕಾಮಾ ಅಂದರೆ ಅರ್ಧ ಹಾಸಿಗೆ. ಸೆಮಿ ಕಾಮಾದಲ್ಲಿ ಒಂದು ಸಾಲಿಗೆ ನಾಲ್ಕು ಸೀಟು, ಕಾಮಾದಲ್ಲಿ ಮೂರು. ಪೆರುವಿನಲ್ಲಿ ಸೀಟು ಎಷ್ಟು ಹಿಂದಕ್ಕೆ ಬಾಗುತ್ತದೆ ಅಂತ ಡಿಗ್ರಿಯಲ್ಲೇ ಹೇಳಿ ಮಾರುತ್ತಾರೆ: 140, 160, 180. ನಿಮ್ಮಿಬ್ಬರಿಗೂ ರಾತ್ರಿ ಬಸ್ಸಾದರೆ 160ರ ಕೆಳಗೆ ಬೇಡ. ಎರಡು ಮಹಡಿಯ ಬಸ್ಸಾದರೆ ಕೆಳಗಿನ ಮಹಡಿ ತಗೊಳ್ಳಿ. ತಿರುವಿನಲ್ಲಿ ಓಲಾಟ ಕಡಿಮೆ, ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ಇಲ್ಲ, ಶೌಚಾಲಯವೂ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಮೇಲಿನ ಮಹಡಿಯ ಮೊದಲ ಸಾಲಿನಲ್ಲಿ ನೋಟ ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಡಿಕ್ಕಿ ಆದರೆ ಮುಂದೆ ಗಾಜು ಬಿಟ್ಟು ಬೇರೇನೂ ಇಲ್ಲ. ಬೆಟ್ಟದ ದಾರಿಯಲ್ಲಿ ನಾನು ಅಲ್ಲಿ ಕೂರುವುದಿಲ್ಲ. ನಿಮ್ಮ ತಂದೆಗೆ ಓಡಾಡುವ ಕಡೆಯ ಸೀಟು ಕೊಡಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಲಿ, ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಲಿ.

ಬಸ್ ನಿಲ್ದಾಣದ ಗೊಂದಲಕ್ಕೆ ತಯಾರಾಗಿರಿ. ಲಿಮಾದಲ್ಲಿ ಎಲ್ಲ ಬಸ್ಸೂ ಹೊರಡುವ ಒಂದೇ ನಿಲ್ದಾಣ ಇಲ್ಲ. ದೊಡ್ಡ ಕಂಪನಿಗಳಿಗೆ ಅವರವರದೇ ನಿಲ್ದಾಣ. ಒಂದೇ ಕಂಪನಿಗೆ ಎರಡು ನಿಲ್ದಾಣ ಇರುವುದೂ ಉಂಟು. ಟಿಕೆಟ್ ಮೇಲಿನ ವಿಳಾಸವನ್ನೇ ಟ್ಯಾಕ್ಸಿಯವರಿಗೆ ತೋರಿಸಿ. ಪುನೊ ಮತ್ತು ಬೊಲಿವಿಯಾದ ಊರುಗಳಲ್ಲಿ ಟಿಕೆಟ್ ಅಲ್ಲದೆ ನಿಲ್ದಾಣ ಬಳಸಿದ್ದಕ್ಕೆ ಇನ್ನೊಂದು ಸಣ್ಣ ಚೀಟಿ ಬೇರೆ ಕೌಂಟರಿನಲ್ಲಿ ಕೊಳ್ಳಬೇಕು. ದುಡ್ಡು ತೀರಾ ಕಡಿಮೆ, ಆದರೆ ಚೀಟಿ ಇಲ್ಲದಿದ್ದರೆ ಬಸ್ಸು ಹೊರಡುವ ಹೊತ್ತಿಗೆ ಓಡಬೇಕಾಗುತ್ತದೆ. ಲಾ ಪಾಸ್ ನಿಲ್ದಾಣದಲ್ಲಿ ಕೌಂಟರಿನವರು ಊರಿನ ಹೆಸರನ್ನು ರಾಗವಾಗಿ ಕೂಗುತ್ತಿರುತ್ತಾರೆ. ಒರುರೊ, ಒರುರೊ, ಒರುರೋ! ಕೊಚಬಾಂಬಾ! ಒಂದು ಕೌಂಟರಿನಲ್ಲಿ ದರ ಕೇಳಿ, ಪಕ್ಕದ ಎರಡರಲ್ಲೂ ಕೇಳಿ. ಬೊಲಿವಿಯಾದಲ್ಲಿ ನಿಲ್ದಾಣಕ್ಕೇ ಹೋಗಿ ಹಿಂದಿನ ದಿನ ಟಿಕೆಟ್ ಕೊಳ್ಳುವುದೇ ಸುಲಭ. ಪೆರು, ಅರ್ಜೆಂಟೀನಾಗಳಲ್ಲಿ ಆನ್‌ಲೈನ್ ಸಿಗುತ್ತದೆ, ಆದರೆ ಹೊರದೇಶದ ಕಾರ್ಡು ಕೆಲವು ಸಲ ನಡೆಯುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ ಟಿಕೆಟ್ ಮೇಲೆ ಸರಿಯಾಗಿ ಬಂದಿದೆಯೇ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ.

ಬಸ್ಸಿಗೂ ದೇಶಕ್ಕೊಂದು ಹೆಸರು. ಅರ್ಜೆಂಟೀನಾದಲ್ಲಿ ದೂರದ ಬಸ್ಸಿಗೆ ಮಿಕ್ರೊ ಅನ್ನುತ್ತಾರೆ, ಊರೊಳಗಿನದು ಕೊಲೆಕ್ತಿವೊ. ಬೊಲಿವಿಯಾದಲ್ಲಿ ದೂರದ್ದಕ್ಕೆ ಫ್ಲೋತಾ. ಸ್ಪ್ಯಾನಿಷ್ ಬಾರದಿದ್ದರೂ ತೊಂದರೆ ಇಲ್ಲ, ಮೂರು ಮಾತು ಕಲಿತುಕೊಳ್ಳಿ. ಎಷ್ಟು ಹೊತ್ತಿಗೆ ಹೊರಡುತ್ತದೆ ಅನ್ನಲು 'ಆ ಕೆ ಓರಾ ಸಾಲೆ?'. ಶೌಚಾಲಯಕ್ಕೆ 'ಬಾನ್ಯೊ'. ಬಸ್ಸು ಬದಲಿಸದೆ ನೇರ ಹೋಗುತ್ತದೆಯೇ ಅನ್ನಲು 'ದಿರೆಕ್ತೊ?'. ಮೂರನೆಯದಕ್ಕೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ, ದಾರಿಯಲ್ಲಿ ಹತ್ತು ಕಡೆ ನಿಲ್ಲುತ್ತದೆ ಕೂಡ. ಆದ್ದರಿಂದ ಬಸ್ಸು ಬದಲಿಸಬೇಕಾ ಅಂತ ಬೆರಳಿನಲ್ಲಿ ಸನ್ನೆ ಮಾಡಿ ಇನ್ನೊಮ್ಮೆ ಕೇಳಿ.

ಲಗೇಜಿನ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ದೊಡ್ಡ ಚೀಲ ಬಸ್ಸಿನ ಡಿಕ್ಕಿಗೆ ಹೋಗುತ್ತದೆ. ಅದಕ್ಕೆ ಒಂದು ನಂಬರ್ ಚೀಟಿ ಅಂಟಿಸಿ ಇನ್ನರ್ಧ ನಿಮಗೆ ಕೊಡುತ್ತಾರೆ. ಆ ಚೂರು ಕಳೆದರೆ ಚೀಲ ಬಿಡಿಸಿಕೊಳ್ಳಲು ಪರದಾಡಬೇಕು, ಫೋಟೊ ತೆಗೆದಿಟ್ಟುಕೊಳ್ಳಿ. ಸಣ್ಣ ಚೀಲ ನಿಮ್ಮ ಜೊತೆಗೇ ಇರಬೇಕು. ತಲೆ ಮೇಲಿನ ಹಲಗೆಯಲ್ಲೂ ಬೇಡ, ಕಾಲ ಕೆಳಗೂ ಬೇಡ. ಕಾಲ ಕೆಳಗೆ ಇಟ್ಟ ಚೀಲವನ್ನು ಹಿಂದಿನ ಸೀಟಿನವರು ಕತ್ತರಿಸುವುದು ಅಲ್ಲಿ ಹಳೆಯ ಕೈಚಳಕ. ಒಮ್ಮೆ ನನ್ನ ಮುಂದೆ ಕೂತಿದ್ದ ಹುಡುಗಿಯ ಚೀಲಕ್ಕೆ ಹಾಗೇ ಆಗಿತ್ತು. ಬೆಳಗ್ಗೆ ಎತ್ತಿದಾಗ ತಳದಲ್ಲಿ ನೇರ ಗೆರೆ ಎಳೆದಂತೆ ಬ್ಲೇಡಿನ ಗುರುತು. ಕ್ಯಾಮೆರಾ ಹೋಗಿತ್ತು, ಮೇಲೆ ಇಟ್ಟಿದ್ದ ಸ್ವೆಟರ್ ಹಾಗೇ ಇತ್ತು. ಚೀಲದ ಪಟ್ಟಿಯನ್ನು ತೋಳಿಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಮಲಗಿ. ಪಾಸ್‌ಪೋರ್ಟು, ಕಾರ್ಡು, ದೊಡ್ಡ ನೋಟು ಬಟ್ಟೆಯ ಒಳಗೆ ಮೈಗೆ ತಾಗಿಕೊಂಡೇ ಇರಲಿ. ತಂದೆಯ ಮಾತ್ರೆ ಪೂರ್ತಿ 24 ದಿನದ್ದು ಮತ್ತು ಇನ್ನೊಂದು ವಾರದ್ದು ಸೇರಿಸಿ, ಎರಡು ಪಾಲು ಮಾಡಿ ಇಬ್ಬರ ಸಣ್ಣ ಚೀಲದಲ್ಲೂ ಇಡಿ. ಡಿಕ್ಕಿಗೆ ಯಾವತ್ತೂ ಮಾತ್ರೆ ಹಾಕಬೇಡಿ.

ಸ್ವೆಟರ್, ಟೋಪಿ, ದಪ್ಪ ಕಾಲುಚೀಲಗಳೂ ಸಣ್ಣ ಚೀಲದಲ್ಲೇ ಇರಲಿ. ಲಾ ಪಾಸ್‌ನಿಂದ ಉಯುನಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಹೀಟರ್ ಇದೆ ಅಂತ ಹೇಳಿಯೇ ಟಿಕೆಟ್ ಕೊಡುತ್ತಾರೆ. ಅದು ಕೆಟ್ಟರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ನಮ್ಮ ಉಸಿರೇ ಕಿಟಕಿ ಗಾಜಿನ ಒಳಗಡೆ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಬೀಳುತ್ತಿತ್ತು.

ಗಡಿ ದಾಟುವುದು ಎಲ್ಲರೂ ಹೆದರುವಷ್ಟು ಕಷ್ಟವಲ್ಲ. ವೀಸಾ ಮಾತ್ರ ಮೂರು ದೇಶದ್ದೂ ಹೊರಡುವ ಮೊದಲೇ ಆಯಾ ರಾಯಭಾರ ಕಚೇರಿಯಿಂದ ಖಚಿತ ಮಾಡಿಕೊಳ್ಳಿ, ಗಡಿಯಲ್ಲಿ ನೋಡೋಣ ಅಂತ ಬಿಡಬೇಡಿ. ಪುನೊದಿಂದ ಬೆಳಗ್ಗೆ ಹೊರಡುವ ಬಸ್ಸು ಟಿಟಿಕಾಕಾ ಸರೋವರದ ದಂಡೆಯಲ್ಲೇ ಸಾಗಿ ಮೂರು ಗಂಟೆಯಲ್ಲಿ ಕಸಾನಿ ಗಡಿಗೆ ಬರುತ್ತದೆ. ಎಲ್ಲರೂ ಇಳಿಯಬೇಕು. ಮೊದಲು ಪೆರು ಕಚೇರಿಯಲ್ಲಿ ಹೊರಗೆ ಹೋಗುವ ದಾಖಲೆ. ಆಮೇಲೆ ಸ್ವಲ್ಪ ದೂರ ನಡೆದು, ಬೊಲಿವಿಯಾ ಕಚೇರಿಯಲ್ಲಿ ಒಳಗೆ ಬರುವ ದಾಖಲೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಮುಂದೆ ದಂಡ, ಪೇಚಾಟ. ಇಳಿಯುವಾಗ ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ, ಅಲ್ಲಿ ಒಂದೇ ಥರದ ಐದಾರು ಬಸ್ಸು ನಿಂತಿರುತ್ತವೆ. ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಇದನ್ನು ಮರೆತು, ಗಡಿ ದಾಟಿದ ಮೇಲೆ ಸಿಗುವ ಬೊಲಿವಿಯಾದ ಊರು ಕೋಪಕಬಾನಾದಲ್ಲಿ ಲಾ ಪಾಸ್ ಬಸ್ಸು ತಪ್ಪಿಸಿಕೊಂಡವರು ಬಹಳ ಜನ.

ಕೋಪಕಬಾನಾ ಆದ ಮೇಲೆ ತಿಕಿನಾ ಅನ್ನುವ ಜಾಗ ಬರುತ್ತದೆ. ಅಲ್ಲಿ ಸರೋವರ ಕಿರಿದಾಗುತ್ತದೆ, ಸೇತುವೆ ಇಲ್ಲ. ಪ್ರಯಾಣಿಕರೆಲ್ಲ ಇಳಿದು ಸ್ವಲ್ಪ ಚಿಲ್ಲರೆ ಕೊಟ್ಟು ಮೋಟಾರು ದೋಣಿ ಹತ್ತಬೇಕು. ಬಸ್ಸು ಬೇರೆಯಾಗಿ, ಮರದ ಹಲಗೆಯ ಚಪ್ಪಟೆ ತೆಪ್ಪದ ಮೇಲೆ ಬರುತ್ತದೆ. ನಿಮ್ಮ ಲಗೇಜು ಹೊತ್ತ ಅಷ್ಟು ದೊಡ್ಡ ಬಸ್ಸು ಒಂದು ಪಕ್ಕಕ್ಕೆ ವಾಲುತ್ತಾ, ಮತ್ತೆ ಸರಿಯಾಗುತ್ತಾ ನೀರಿನ ಮೇಲೆ ನಿಧಾನವಾಗಿ ಬರುವುದನ್ನು ದಡದಲ್ಲಿ ನಿಂತು ನೋಡುವಾಗ ಎದೆ ಡವಗುಟ್ಟುತ್ತದೆ. ಎಷ್ಟೋ ವರ್ಷಗಳಿಂದ ಹೀಗೇ ನಡೆಯುತ್ತಿದೆ. ಪಾಸ್‌ಪೋರ್ಟ್, ದುಡ್ಡು ಜೊತೆಗೆ ಇಟ್ಟುಕೊಂಡೇ ಇಳಿಯಿರಿ.

ಲಾ ಪಾಸ್ ಸುಮಾರು 3,640 ಮೀಟರ್, ಬಸ್ಸು ಮೊದಲು ಒಳಗೆ ಬರುವ ಎಲ್ ಆಲ್ಟೊ 4,100ಕ್ಕೂ ಮೇಲೆ. ಊರಿನ ದಕ್ಷಿಣ ಭಾಗ ಸುಮಾರು 3,300 ಮೀಟರಿಗೆ ಇಳಿಯುತ್ತದೆ. ಕೋಣೆಯನ್ನು ಆ ಕಡೆ ಹಿಡಿಯಿರಿ. ಊರು ನೋಡಲು ತೂಗು ಬಂಡಿಗಳಿವೆ (ಕೇಬಲ್ ಕಾರು), ಹತ್ತಿ ಇಳಿಯುವ ಶ್ರಮ ಇಲ್ಲ. ಉಯುನಿಯಲ್ಲಿ ಜೀಪಿನವರು ಮೂರು ದಿನದ ಪ್ರವಾಸಕ್ಕೆ ಒತ್ತಾಯ ಮಾಡುತ್ತಾರೆ. ಅದರಲ್ಲಿ 4,000 ಮೀಟರಿಗಿಂತ ಮೇಲೆ ಮಲಗಬೇಕು, ನೆಲದಿಂದ ಬಿಸಿ ಉಗಿ ಚಿಮ್ಮುವ ಜಾಗ 4,800 ಮೀಟರ್ ದಾಟುತ್ತದೆ. ಅಲ್ಲಿಂದ ಆಸ್ಪತ್ರೆ ಬಹಳ ದೂರ. ನಿಮ್ಮ ತಂದೆಗೆ ಒಂದೇ ದಿನದ ಉಪ್ಪಿನ ಬಯಲು ಸಾಕು. ಅಪ್ಪ ಬೇಡ ಅಂದರೂ ಕೇಳದೆ ನೀವೊಬ್ಬರೇ ಹೋಗುವ ಯೋಚನೆಯನ್ನೂ ಮಾಡಬೇಡಿ.

ಬೊಲಿವಿಯಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಡಿಸುವುದು ರಸ್ತೆ ತಡೆ, ಅಲ್ಲಿಯ ಭಾಷೆಯಲ್ಲಿ ಬ್ಲೊಕೆಯೊ. ಬೇಡಿಕೆ ಇಟ್ಟುಕೊಂಡು ಜನ ಹೆದ್ದಾರಿಗೆ ಕಲ್ಲು ಹಾಕಿ ಕೂತರೆ ದಿನಗಟ್ಟಲೆ ಬಸ್ಸಿಲ್ಲ. ಪೆರುವಿನ ದಕ್ಷಿಣದಲ್ಲೂ ಆಗುತ್ತದೆ. ಬೊಲಿವಿಯಾದ ಹೆದ್ದಾರಿ ಸಂಸ್ಥೆ ಎಬಿಸಿ ಮತ್ತು ಪೆರುವಿನ ಸುತ್ರಾನ್ ಎರಡೂ ಯಾವ ರಸ್ತೆ ಮುಚ್ಚಿದೆ ಅಂತ ಆನ್‌ಲೈನ್ ನಕ್ಷೆಯಲ್ಲಿ ತೋರಿಸುತ್ತವೆ. ಹೊರಡುವ ಹಿಂದಿನ ರಾತ್ರಿ ನೋಡಿ. ತಡೆ ಇದ್ದರೆ ದಾಟಲು ಹೋಗಬೇಡಿ, ಬೈಕು ಕಾರು ಹಿಡಿದು ಅಡ್ಡದಾರಿಯಲ್ಲಿ ದಾಟಿಸುತ್ತೇವೆ ಅನ್ನುವವರನ್ನು ನಂಬಬೇಡಿ. ನಿಮ್ಮ 24 ದಿನದಲ್ಲಿ ಎರಡು ದಿನ ಇದಕ್ಕೇ ಅಂತ ಖಾಲಿ ಬಿಡಿ. ಬೊಲಿವಿಯಾ ಪೂರ್ತಿ ಮುಚ್ಚಿಹೋದರೆ ಚಿಲಿ ಮೂಲಕ ಇನ್ನೊಂದು ದಾರಿ ಇದೆ: ಅರೆಕಿಪಾ, ತಾಕ್ನಾ, ಅರಿಕಾ, ಸಾನ್ ಪೆದ್ರೊ ದೆ ಅಟಕಾಮಾ, ಅಲ್ಲಿಂದ ಹಾಮಾ ಕಣಿವೆ ದಾಟಿ ಸಾಲ್ಟಾ. ಅದಕ್ಕೆ ಚಿಲಿ ವೀಸಾ ಮೊದಲೇ ಇರಬೇಕು. ಚಿಲಿ ಗಡಿಯಲ್ಲಿ ಹಣ್ಣು, ಬೀಜ, ಜೇನು ಯಾವುದಿದ್ದರೂ ಫಾರಂನಲ್ಲಿ ಬರೆದು ತೋರಿಸಿ. ಚೀಲದಲ್ಲಿ ಮರೆತ ಒಂದು ಸೇಬಿಗೂ ದಂಡ ಹಾಕುತ್ತಾರೆ.

ತಿಂಗಳು ಸೆಪ್ಟೆಂಬರ್ ಇರಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಂಡೀಸ್‌ನಲ್ಲಿ ಮಳೆಗಾಲ. ಬೆಟ್ಟದಿಂದ ಮಣ್ಣು ಕಲ್ಲು ಸಮೇತ ನೀರು ನುಗ್ಗಿ ರಸ್ತೆಯನ್ನೇ ಕೊಚ್ಚುತ್ತದೆ. ಪೆರುವಿನವರು ಅದಕ್ಕೆ ವಾಯ್ಕೊ ಅನ್ನುತ್ತಾರೆ. ಫೆಬ್ರವರಿಯಲ್ಲಿ ಉಯುನಿ ಬಯಲಿನಲ್ಲಿ ನೀರು ನಿಂತು ಆಕಾಶ ಕನ್ನಡಿಯ ಹಾಗೆ ಕಾಣುವುದು ನಿಜ, ಸೆಪ್ಟೆಂಬರಿನಲ್ಲಿ ಅದೊಂದು ತಪ್ಪುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ನೋಟಕ್ಕಿಂತ ರಸ್ತೆ ಮುಖ್ಯ, ಅಲ್ವಾ?

ಕೊನೆಯ ಗಡಿ ಬೊಲಿವಿಯಾ ಕಡೆಯ ವಿಯಾಸೋನ್ ಮತ್ತು ಅರ್ಜೆಂಟೀನಾ ಕಡೆಯ ಲಾ ಕಿಯಾಕಾ. ಸೇತುವೆಯನ್ನು ನಡೆದೇ ದಾಟಬೇಕು. ಅದೂ 3,400 ಮೀಟರ್ ಎತ್ತರದಲ್ಲಿ, ಲಗೇಜು ಎಳೆದುಕೊಂಡು, ಹಾಗಾಗಿ ನಿಧಾನ. ಗಡಿಯಾರ ಮತ್ತೊಂದು ಗಂಟೆ ಮುಂದಕ್ಕೆ. ಅಲ್ಲಿಂದ ದಾರಿ ಉಮಾವಾಕಾ ಕಣಿವೆಯಲ್ಲಿ ಇಳಿಯುತ್ತಾ ಹೋಗುತ್ತದೆ. ಕೆಂಪು, ಹಸಿರು, ಹಳದಿ ಪಟ್ಟೆಯ ಬೆಟ್ಟಗಳು. 2003ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಾರಿಯಲ್ಲಿ ಅರ್ಜೆಂಟೀನಾದ ಗಡಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ನೋಡುತ್ತಾರೆ, ಅದು ದಿನಾ ನಡೆಯುವ ತಪಾಸಣೆ. ಆ ದಿನ ತಿಲ್ಕಾರಾದಲ್ಲಿ ಉಳಿಯಿರಿ, ಸುಮಾರು 2,460 ಮೀಟರ್. ಎರಡು ವಾರದ ಮೇಲೆ ಮೊದಲ ಸಲ ಪೂರ್ತಿ ಉಸಿರು ಸಿಕ್ಕಿದಂತೆ ಆಗಿ ನಿಮ್ಮ ತಂದೆ ಬೆಳಗಿನವರೆಗೆ ಏಳುವುದಿಲ್ಲ.

ಸಾಲ್ಟಾದಿಂದ ಬ್ಯೂನಸ್ ಐರಿಸ್‌ಗೆ ಸುಮಾರು 1,500 ಕಿಲೋಮೀಟರ್, 20 ಗಂಟೆ. ದಾರಿ ಬಹುತೇಕ ಬಯಲು, ಎತ್ತರದ ಚಿಂತೆ ಇಲ್ಲ. ಇಲ್ಲಿ ಕಾಮಾ ಸೀಟು ತಗೊಂಡು ರಾತ್ರಿ ಬಸ್ಸು ಹಿಡಿಯಿರಿ. ವಿಮಾನದ ದರ ಹತ್ತಿರ ಹತ್ತಿರ ಇದ್ದರೆ, ಅಷ್ಟರಲ್ಲಿ ತಂದೆಗೂ ಸಾಕಾಗಿದ್ದರೆ, ವಿಮಾನ ಹತ್ತಿದರೂ ಏನೂ ತಪ್ಪಿಲ್ಲ. ಬಸ್ಸು ನಿಲ್ಲುವುದು ರೆತಿರೊ ನಿಲ್ದಾಣದಲ್ಲಿ. ಅಲ್ಲಿ 75 ಪ್ಲಾಟ್‌ಫಾರಂ ಇವೆ. ವಾಪಸ್ ಎಲ್ಲಿಗಾದರೂ ಹೊರಡುವಾಗ ಟಿಕೆಟ್ ಮೇಲೆ ಒಂದೇ ನಂಬರ್ ಇರುವುದಿಲ್ಲ, ಇಲ್ಲಿಂದ ಇಲ್ಲಿಯವರೆಗೆ ಅಂತ ಹತ್ತಿಪ್ಪತ್ತು ಪ್ಲಾಟ್‌ಫಾರಂ ಬರೆದಿರುತ್ತದೆ. ಬೋರ್ಡಿನ ಮೇಲೆ ಕಣ್ಣಿಟ್ಟು ಆ ಸಾಲಿನ ಮಧ್ಯದಲ್ಲಿ ನಿಲ್ಲಿ. ಬಂದಿಳಿದ ದಿನ ನಿಲ್ದಾಣದ ಹೊರಗೆ ಕೈಹಿಡಿದು ಎಳೆಯುವ ಟ್ಯಾಕ್ಸಿ ಬೇಡ, ಫೋನಿನ ಆಪ್‌ನಿಂದ ಕರೆಸಿ. ಉಳಿದುಕೊಳ್ಳುವ ಜಾಗದ ವಿಳಾಸ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ, 20 ಗಂಟೆಯಾದ ಮೇಲೆ ಫೋನಿನಲ್ಲಿ ಚಾರ್ಜ್ ಉಳಿದಿರುವುದು ಅನುಮಾನ.